ಗಂಗಾಳದಲ್ಲಿ ಬಿಟ್ಟ ರೊಟ್ಟಿ

ಮಾಣಿಕಮ್ಮನವರನ್ನು ಜೋಳ ತೂಗುವ ಕಾಟಾದಲ್ಲಿ ಕೂಡಿಸಿದ ದಿನ ಅಡತಿ ಅಂಗಡಿಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಹಮಾಲರು ಬರುವುದರೊಳಗೆ ಕೆಲಸ ಮುಗಿಯಬೇಕು ಎಂಬುದು ಆಕೆಯ ಕರಾರು. ಹುಮನಾಬಾದದ ಪೇಟೆಯಲ್ಲಿ ಬಸವಣಪ್ಪ ಸಾವಕಾರರ ಹೆಂಡತಿ ಎಂದರೆ ಸಣ್ಣ ಮಾತೇ? ಅಂಥಾಕೆ ಕಾಟಾ ಏರಿದಳೆಂದು ಗೊತ್ತಾದರೆ ಮುಂದಿನ ಸಂತೆಯವರೆಗೆ ಜನಕ್ಕೆ ಬೇರೆ ಮಾತೇ ಬೇಕಾಗುತ್ತಿರಲಿಲ್ಲ.

“ನಾ ಏನ ಜ್ವಾಳದ ಚೀಲ ಅಂತ ತಿಳದೀ ಏನೋ ವೈಜ್ಯಾ?” ಎಂದಳು ಮಾಣಿಕಮ್ಮ, ತೂಗಾಡುವ ಸರಪಳಿಯನ್ನು ಎರಡೂ ಕೈಯಿಂದ ಗಟ್ಟಿ ಹಿಡಿದು.

“ಚೀಲ ಆಗಿದ್ರ ಚಲೋ ಇತ್ತವ್ವ. ಚೀಲ ಬೈಯೂದಿಲ್ಲ,” ಎಂದ ಮಗ ವೈಜನಾಥ, ಇನ್ನೊಂದು ಪರಡಿಗೆ ತೂಕದ ಕಲ್ಲು ಏರಿಸುತ್ತ.

ಬಸವಣಪ್ಪನವರು ನಗು ತಡೆಯಲಾರದೆ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟಿದ್ದರು. ತೂಕ ಎಷ್ಟು ಬಂತೆಂದು ಬಾಯಿಬಿಟ್ಟು ಹೇಳಕೂಡದೆಂದು ಮಾಣಿಕಮ್ಮ ಮೊದಲೇ ಗದರಿಸಿದ್ದಳು. ಅದಕ್ಕೆ ಮಗ ಒಂದು ಉಪಾಯ ತೆಗೆದ. ಅವ್ವನ ತೂಕದಷ್ಟೇ ಜೋಳ ತುಂಬಿ ಒಂದು ಚೀಲ ಮೂಲೆಯಲ್ಲಿ ಇಟ್ಟ. ಸೋಮವಾರಕ್ಕೊಮ್ಮೆ ತೂಗುವುದು, ಅವ್ವ ಇಳಿದಷ್ಟು ಜೋಳ ಚೀಲದಿಂದ ತೆಗೆಯುವುದು, ತೆಗೆದದ್ದನ್ನು ಊರ ಹೊರಗಿನ ಮಾಣಿಕನಗರದ ಮಠದ ಅನ್ನದಾನಕ್ಕೆ ಕೊಡುವುದು. ಈ ಮಾತು ಆಕೆಗೂ ಒಪ್ಪಿಗೆಯಾಯಿತು.

ಇಷ್ಟೆಲ್ಲ ಆಗಿದ್ದು ಮಗಳು ಕಸ್ತೂರಿಯ ಸಲುವಾಗಿ. ಕಸ್ತೂರಿಯನ್ನು ಕಲ್ಯಾಣಕ್ಕೆ ಕೊಟ್ಟಿದ್ದರು. ಈಗ ಎಲ್ಲರೂ ಬಸವಕಲ್ಯಾಣ ಅನ್ನುತ್ತಾರಲ್ಲ, ಅದೇ ಊರು. ರಜಾಕಾರರ ಗದ್ದಲದ ವರ್ಷ ಆಕೆ ಮೊದಲ ಬಸುರಿ. ತವರಿಗೆ ಕರೆತರಬೇಕೆನ್ನುವಷ್ಟರಲ್ಲಿ ಮೋಟಾರು ನಿಂತವು, ಗಾಡಿ ಹೂಡಲು ಯಾರೂ ಒಪ್ಪಲಿಲ್ಲ, ಹಾದಿಯಲ್ಲಿ ಹೋದವರು ತಿರುಗಿ ಬರುವ ಖಾತ್ರಿ ಇರಲಿಲ್ಲ. ಹೆರಿಗೆ ಅತ್ತೆಯ ಮನೆಯಲ್ಲೇ ಆಯಿತು, ಕೂಸು ಉಳಿಯಲಿಲ್ಲ. ಆ ಹೊತ್ತಿನಲ್ಲಿ ಮಗಳ ತಲೆ ಸವರಲು ತಾನಿರಲಿಲ್ಲ ಎಂಬುದು ಮಾಣಿಕಮ್ಮನ ಎದೆಯಲ್ಲಿ ಮುರಿದ ಮುಳ್ಳು. ಈಗ ಒಂದೂವರೆ ವರ್ಷದ ಮೇಲೆ ಕಸ್ತೂರಿಗೆ ಮತ್ತೆ ನಾಲ್ಕು ತಿಂಗಳು ತುಂಬಿದ್ದವು.

ದೀಪಾವಳಿ ಮುಗಿಸಿ ಮಾಣಿಕಮ್ಮ ಮಗಳನ್ನು ನೋಡಲು ಹೋದಾಗ ಬೀಗತಿ ಶಿವಗಂಗಮ್ಮ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದಳು.

“ಸಿಟ್ಟಾಗಬ್ಯಾಡ್ರಿ ಬೀಗ್ತಿ. ನೀವು ಕೆಳಗ ಕುಂತ್ರ ಎಬ್ಬಸಾಕ ಇಬ್ಬರು ಬೇಕು. ಕೂಸಿನ್ನ ಕಾಲ ಮ್ಯಾಲ ಹಾಕ್ಕೊಂಡು ಎರಿಯೋರು ಯಾರು? ಬಾಣಂತನ ಇಲ್ಲೇ ಆಗ್ಲಿ.”

ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಹೆಚ್ಚು ಉರಿಯಿತು. ಒಳಕೋಣೆಯಲ್ಲಿ ಕಸ್ತೂರಿ ಅವ್ವನ ಸೆರಗು ಹಿಡಿದು, “ನನಗ ಇಲ್ಲಿ ಅಂಜಿಕಿ ಬರ್ತದವ್ವ. ಆ ಬಾಣಂತಿ ಖೋಲಿ ಕಂಡ್ರ ಜೀವ ಹೋಗ್ತದ. ನನ್ನ ಕರ್ಕೊಂಡು ಹೋಗು,” ಎಂದು ಅತ್ತಳು. ಮಾಣಿಕಮ್ಮ ಅಲ್ಲಿಂದ ಎದ್ದು ಬಂದವಳೇ ನೆಟ್ಟಗೆ ಹಕೀಮ ಅಜೀಮುದ್ದೀನರ ಮನೆಗೆ ಹೋದಳು. ಮೂರು ತಲೆಮಾರಿನಿಂದ ಕಲ್ಯಾಣದಲ್ಲಿ ಔಷಧಿ ಕೊಡುತ್ತ ಬಂದ ಮನೆತನ ಅದು. ಗದ್ದಲದ ಕೊನೆಯ ದಿನಗಳಲ್ಲಿ ಹಕೀಮರೂ ಇಬ್ಬರು ತಮ್ಮಂದಿರನ್ನು ಕಳೆದುಕೊಂಡಿದ್ದರು. ಆದರೂ ನಾಡಿ ಹಿಡಿಯುವ ಕೈ ಮೊದಲಿನಷ್ಟೇ ಮೆತ್ತಗಿತ್ತು.

“ಬಾಯೀ, ಮೊಣಕಾಲಿಗಿ ರೋಗ ಇಲ್ಲ. ಮ್ಯಾಲಿನ ಭಾರ ಜಾಸ್ತಿ ಆಗ್ಯದ, ಅವು ಪಾಪ ಎಷ್ಟಂತ ಹೊರಬೇಕು? ಎಣ್ಣಿ ಕೊಡ್ತೀನಿ, ತಿಕ್ಕ್ರಿ. ಆದ್ರ ಪರೇಜ ಮಾಡಬೇಕು. ಹೊತ್ತಿಗಿ ಒಂದು ರೊಟ್ಟಿ, ಪಲ್ಯ, ಮಜ್ಜಿಗಿ. ಬೆಣ್ಣಿ, ಬೆಲ್ಲ, ಶೇಂಗಾ ಬಂದ್. ಮುಂಜಾನಿ ಎದ್ದು ನಡೀಬೇಕು.”

“ನಡದ್ರ ನೋಯ್ತದಲ್ರಿ ಹಕೀಮಸಾಬ್.”

“ನೋಯ್ತದ. ನಡೀರಿ.”

ಹೀಗೆ ಪರೇಜ ಶುರುವಾಯಿತು. ನಸುಕಿನಲ್ಲಿ ಎದ್ದು ಮಾಣಿಕನಗರದ ಹಾದಿ ಹಿಡಿಯುವುದು, ಮಠದ ಬಾಗಿಲಿಗೆ ಕೈಮುಗಿದು ತಿರುಗಿ ಬರುವುದು. ಮೊದಲ ದಿನ ಅರ್ಧ ದಾರಿಗೇ ಒಂದು ಕಲ್ಲಿನ ಮೇಲೆ ಕೂತು, ಆ ಹಕೀಮನ ಮನೆ ಹಾಳಾಗ ಎಂದು ಬೈದು, ಬೈದದ್ದಕ್ಕೆ ಕೆನ್ನೆ ಬಡಿದುಕೊಂಡು ಎದ್ದಳು. ಮನೆಯಲ್ಲಿ ಸೊಸೆ ಚಂದ್ರಭಾಗಾ ರೊಟ್ಟಿ ಬಡಿಯುವಾಗ ಬರುವ ಘಮಕ್ಕೆ ಮಾಣಿಕಮ್ಮ ಎದ್ದು ಹಿತ್ತಲಿಗೆ ನಡೆಯುತ್ತಿದ್ದಳು. ಶೇಂಗಾ ಹಿಂಡಿಯ ಡಬ್ಬಿಯನ್ನು ತಾನೇ ಎತ್ತರದ ಮಾಡಿನಲ್ಲಿ ಇಡಿಸಿ, ದಿನಕ್ಕೆರಡು ಸಲ ಅದರ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದಳು.

ಊಟದ ಪದ್ಧತಿ ಮಾತ್ರ ಹಿಂದಿನಿಂದ ಬಂದದ್ದೇ. ಗಂಡಸರದು ಮೊದಲು, ಪಡಸಾಲೆಯಲ್ಲಿ. ಅವರು ಕೈತೊಳೆದ ಮೇಲೆ ಅಡುಗೆಮನೆಯಲ್ಲಿ ಹೆಂಗಸರದು. ಮದುವೆಯಾಗಿ ಬಂದ ದಿನದಿಂದ ಮಾಣಿಕಮ್ಮ ಉಣ್ಣುತ್ತಿದ್ದದ್ದು ಗಂಡನ ಗಂಗಾಳದಲ್ಲಿಯೇ. ಅವರು ಅದರಲ್ಲಿ ಬಿಟ್ಟದ್ದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಮೊದಲು ಮುಗಿಸಿ, ಆಮೇಲೆ ತನ್ನ ಪಾಲಿನದನ್ನು ಬಡಿಸಿಕೊಳ್ಳುವುದು. ಮಾವ ಗಂಗಾಳ ಬಿಟ್ಟು ಎದ್ದರೆಂದರೆ ಚಂದ್ರಭಾಗಾ ಅದನ್ನು ಹಾಗೆಯೇ ತಂದು ಅತ್ತೆಯ ಮುಂದಿಡಬೇಕು. ಇದು ಆ ಮನೆಯಲ್ಲಿ ದೀಪ ಹಚ್ಚುವಷ್ಟೇ ಸಹಜ, ಯಾರೂ ಆ ಬಗ್ಗೆ ವಿಚಾರ ಮಾಡುತ್ತಿರಲಿಲ್ಲ.

ಮೊದಲ ಕೆಲವು ವಾರ ಚೀಲ ಚೆನ್ನಾಗಿ ಇಳಿಯಿತು. ಸೋಮವಾರ ಬಂದರೆ ವೈಜನಾಥ ಬೊಗಸೆ ಬೊಗಸೆ ಜೋಳ ತೆಗೆದು ಅವ್ವನಿಗೆ ತೋರಿಸುತ್ತಿದ್ದ. ಮಾಣಿಕಮ್ಮನ ಬಳೆ ಸಡಿಲಾದವು. ಮಾಣಿಕನಗರದ ಹಾದಿಯಲ್ಲಿ ಕಲ್ಲಿನ ಮೇಲೆ ಕೂಡುವುದು ತಪ್ಪಿತು. “ಈಗ ಹೇಳು ಹೋಗು ಆ ಶಿವಗಂಗಮ್ಮಗ,” ಎಂದು ಗತ್ತಿನಿಂದ ಓಡಾಡಿದಳು.

ಆಮೇಲೆ ಚೀಲ ನಿಂತೇಬಿಟ್ಟಿತು. ಒಂದು ಸೋಮವಾರ ಆಯಿತು, ಎರಡಾಯಿತು, ಮೂರನೆಯದಕ್ಕೆ ಒಂದು ಹಿಡಿ ಜೋಳ ತಿರುಗಿ ಒಳಗೆ ಹಾಕಬೇಕಾಯಿತು. ಮಾಣಿಕಮ್ಮನ ಮುಖ ಕಪ್ಪಿಟ್ಟಿತು.

“ಕಾಟಾದಾಗ ಏನೋ ಫರಕ ಅದ,” ಎಂದಳು.

“ಅವ್ವ, ಇದೇ ಕಾಟಾದಾಗ ಊರ ಜ್ವಾಳ ತೂಗೀವಿ. ಹೊರಗ ಅನ್ನಬ್ಯಾಡ, ಅಂಗಡಿ ಮುಚ್ಚಬೇಕಾಗ್ತದ,” ಎಂದು ವೈಜನಾಥ ಕೈಮುಗಿದ.

ಇನ್ನಷ್ಟು ಬಿಗಿ ಹಿಡಿದಳು. ರಾತ್ರಿಯ ರೊಟ್ಟಿ ಅರ್ಧಕ್ಕೆ ಇಳಿಸಿದಳು. ಮಾಣಿಕನಗರಕ್ಕೆ ಸಂಜೆಯೂ ಹೊರಟಳು. ಚೀಲ ಮಿಸುಕಲಿಲ್ಲ. ಮಗನನ್ನು ಹಕೀಮರ ಬಳಿ ಕಳಿಸಿದರೆ ಅವರು ಎಲ್ಲ ಕೇಳಿ, “ಇಷ್ಟೇ ಉಣ್ಣಾಕತ್ತಿದ್ರ ಇಳೀಬೇಕಲ್ಲ. ಬ್ಯಾರೆ ಏನರ ಬಾಯಿಗಿ ಹಾಕ್ಕೋತಾರೇನು?” ಎಂದರಂತೆ. ಮಾಣಿಕಮ್ಮ ಕೊರಳಲ್ಲಿದ್ದ ಲಿಂಗ ಮುಟ್ಟಿಕೊಂಡು, “ಲಿಂಗದಾಣಿ, ಬ್ಯಾರೆ ಒಂದು ಅಗಳ ಮುಟ್ಟಿಲ್ಲ,” ಎಂದಳು. ಆಕೆಯ ಮಟ್ಟಿಗೆ ಅದು ಖರೆಯೇ ಆಗಿತ್ತು.

ಹಸಿದ ಮನುಷ್ಯರಿಗೆ ಎಲ್ಲರ ಮೇಲೂ ಸಂಶಯ. ಮಾಣಿಕಮ್ಮನ ಕಣ್ಣು ಸೊಸೆಯ ಮೇಲೆ ಬಿತ್ತು. ಮಗಳು ಬಂದರೆ ನೀರು ಕಾಯಿಸುವವರು ಯಾರು, ಬಾಣಂತಿಯ ಬಟ್ಟೆ ಒಗೆಯುವವರು ಯಾರು, ಕಾರ ಕುಟ್ಟುವವರು ಯಾರು? ಎಲ್ಲ ಚಂದ್ರಭಾಗಾಳ ತಲೆಗೆ. ಅತ್ತೆಯ ಕಾಲು ಸರಿಹೋಗದಿದ್ದರೆ ಅವಳಿಗೇ ಆರಾಮ ಅಲ್ಲವೇ?

“ಪಲ್ಯಕ್ಕ ಎಣ್ಣಿ ಎಷ್ಟ ಹಾಕಿದಿ?”

“ಒಗ್ಗರಣಿಗಷ್ಟೇ ರಿ ಅತ್ತಿ.”

“ಹಂಗಾದ್ರ ಬೆರಳಿಗಿ ಹ್ಯಾಂಗ ಹತ್ತಾಕತ್ತದ ಜಿಡ್ಡು? ನನ್ನ ಮುಂದ ಒಗ್ಗರಣಿ ಹಾಕು.”

ಮರುದಿನದಿಂದ ಮಾಣಿಕಮ್ಮ ಒಲೆಯ ಪಕ್ಕದ ಎತ್ತರದ ಮಣೆಯ ಮೇಲೆ ಕೂತು ಕಾವಲು ಕಾದಳು. ಹಿಟ್ಟು ಮುಟಿಗೆ ನೋಡಿ ತೆಗೆಸುತ್ತಿದ್ದಳು. ರಾಜೇಶ್ವರದ ರೈತರ ಮನೆಯ ಹುಡುಗಿ ಚಂದ್ರಭಾಗಾ, ಮದುವೆಯಾಗಿ ಎರಡು ವರ್ಷ, ಕೆಲಸಕ್ಕೆ ಹಿಂದೆಗೆದವಳಲ್ಲ. ಆದರೆ ಬೆನ್ನ ಹಿಂದೆ ಇಡೀ ದಿನ ಎರಡು ಕಣ್ಣು ನೆಟ್ಟಿದ್ದರೆ ಯಾರ ಕೈಯಾದರೂ ತಪ್ಪುತ್ತದೆ. ಒಂದು ರೊಟ್ಟಿ ಸೀದರೆ ಅದಕ್ಕೂ ಮಾತು.

ರಾತ್ರಿ ಅವಳು ಗಂಡನಿಗೆ, “ನಾ ನಮ್ಮ ಊರಿಗಿ ಹೋಗಿ ನಾಕ ದಿನ ಇದ್ದ ಬರ್ತೀನ್ರಿ,” ಎಂದಳು.

“ಈಗ ಹೋದ್ರ ಅವ್ವನ ಮಾತು ಖರೆ ಆದಂಗ ಆಗ್ತದ,” ಎಂದ ವೈಜನಾಥ.

“ಇದ್ರ ಸುಳ್ಳಾಗ್ತದೇನು?” ಎಂದು ಅವಳು ಮಗ್ಗುಲು ತಿರುಗಿದಳು.

ಗೌರಿ ಎಂಬ ಎಮ್ಮೆ ಈದು ಮನೆಯಲ್ಲಿ ಬೆಣ್ಣೆ ಹೆಚ್ಚಾದ ದಿನಗಳವು. ಬಸವಣಪ್ಪನವರಿಗೆ ಹಸಿವೂ ಹೆಚ್ಚಾದಂತಿತ್ತು. “ಚಂದ್ರವ್ವ, ಇನ್ನೊಂದ ರೊಟ್ಟಿ ತಾ. ಬೆಣ್ಣಿ ಇದ್ರ ಮ್ಯಾಲ ಹಾಕು,” ಎಂದು ಪಡಸಾಲೆಯಿಂದ ಕೂಗುತ್ತಿದ್ದರು. ಅವಳು ತಲೆ ಬಗ್ಗಿಸಿ ನೀಡಿ ಬರುತ್ತಿದ್ದಳು. ತಿರುಗಿ ಬಂದ ಗಂಗಾಳದಲ್ಲಿ ಏನು ಉಳಿದಿರುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಆದರೆ ಅತ್ತೆ ಮಾವಂದಿರ ನಡುವಿನ ಮಾತು, ಸೊಸೆಯಾದವಳು ಯಾವ ಬಾಯಿಂದ ಆಡಬೇಕು?

ಹುಣ್ಣಿಮೆಗೆ ನಾಲ್ಕಾರು ದಿನ ಇರುವಾಗ ವೈಜನಾಥ ಕಲ್ಯಾಣದ ಪೇಟೆಗೆ ಹೋಗಿ, ತಂಗಿಯನ್ನೂ ಕಂಡು ಮಧ್ಯಾಹ್ನದ ಊಟಕ್ಕೆ ತಿರುಗಿ ಬಂದ. ಅಪ್ಪನೊಡನೆ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದು ಹೇಳಿದ.

“ಶಿವಗಂಗಮ್ಮನೋರು ಬರೂ ತಿಂಗಳ ಮಾಣಿಕನಗರಕ್ಕ ಬರ್ತಾರಂತ. ಆವಾಗ ನಮ್ಮಲ್ಲಿ ಬಂದು ನಿನ್ನ ನೋಡ್ತಾರಂತವ್ವ. ನೀ ನೀನಾಗೇ ಕುಂತು ಎದ್ರ ಕಸ್ತೂರಿನ್ನ ಕಳಸ್ತಾರ. ಇಲ್ಲಂದ್ರ ಮಾತ ಮುಗೀತು.”

“ಕಸ್ತೂರಿ ಏನಂದ್ಳು?”

“ಮೋಟಾರ ಬಿಡೂ ತನಕ ನನ್ನ ಕೈ ಬಿಡಲಿಲ್ಲ.”

ಮಾಣಿಕಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ. ಸಂಕಟವೆಲ್ಲ ಸಿಟ್ಟಾಗಿ ಸೊಸೆಯ ಮೇಲೆ ಹರಿಯಿತು. “ಇನ್ನ ಸಮಾಧಾನ ಆತಿಲ್ಲ ನಿನಗ? ನನ್ನ ಮಗಳು ಬರಬಾರದು, ಅಷ್ಟೇ ಅಲ್ಲ ನಿಂದು? ಬಾಣಂತನ ತಪ್ಪತದಂತ ನನಗ ಏನೇನ ಕಲಸಿ ಹಾಕಾಕತ್ತೀಯೋ! ನಿಮ್ಮ ಅಪ್ಪನ ಮನ್ಯಾಗ ಇದೇ ಕಲಿಸ್ಯಾರೇನು?”

ಚಂದ್ರಭಾಗಾಳ ಕೈಯಲ್ಲಿ ಆಗಷ್ಟೇ ಪಡಸಾಲೆಯಿಂದ ತಂದ ಮಾವನ ಗಂಗಾಳವಿತ್ತು. ಅವಳು ಅದನ್ನು ಅತ್ತೆಯ ಮುಂದೆ ಇಡಲಿಲ್ಲ. ಸೀದಾ ಪಡಸಾಲೆಗೆ ತಿರುಗಿ ಒಯ್ದು, ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಬಸವಣಪ್ಪನವರ ಮುಂದೆ ನೆಲಕ್ಕಿಟ್ಟಳು.

“ಮಾವ, ತಪ್ಪಾದ್ರ ಹೊಟ್ಟ್ಯಾಗ ಹಾಕ್ಕೋರಿ. ನಮ್ಮಪ್ಪನ ಹೆಸರು ತಗದ ಮ್ಯಾಲ ನಾ ಸುಮ್ನ ಇರಾಂಗಿಲ್ಲ. ಅತ್ತಿಗಿ ಯಾರು ಉಣಿಸಾಕತ್ತಾರಂತ ನೀವೇ ಹೇಳ್ರಿ.”

ಗಂಗಾಳದಲ್ಲಿ ಎರಡು ರೊಟ್ಟಿ, ಮುಟ್ಟದಂತೆ ಮಡಚಿಟ್ಟವು. ನಡುವೆ ನಿಂಬೆಹಣ್ಣಿನಷ್ಟು ಬೆಣ್ಣೆ. ಬದಿಗೆ ಶೇಂಗಾ ಹಿಂಡಿ, ಬೆಲ್ಲದ ಒಂದು ಹಳಕು. ಗೋಡೆ ಹಿಡಿದು ಬಾಗಿಲಿಗೆ ಬಂದು ನಿಂತಿದ್ದ ಮಾಣಿಕಮ್ಮ ಅದನ್ನು ನೋಡಿದಳು. ದಿನಾ ನೋಡುತ್ತಿದ್ದದ್ದೇ, ಆದರೆ ನಾಲ್ಕು ಮಂದಿಯ ನಡುವೆ ಹಗಲ ಬೆಳಕಿನಲ್ಲಿ ನೋಡಿದ್ದು ಇದೇ ಮೊದಲು.

“ಅದು... ಅದು ಊಟ ಅಲ್ಲ,” ಎಂದಳು. “ಅದು ಪ್ರಸಾದ.”

ವೈಜನಾಥನಿಗೆ ನಗು ತಡೆಯಲಾಗಲಿಲ್ಲ. “ಅವ್ವ, ಕಾಟಾಕ್ಕ ಅದ್ಹ್ಯಾಂಗ ಗೊತ್ತಾಗ್ತದ?”

“ನೀ ಬಾಯಿ ಮುಚ್ಚು!” ಎಂದ ಮಾಣಿಕಮ್ಮ ಗಂಡನ ಕಡೆ ತಿರುಗಿದಳು. “ನೀವರ ಯಾಕ್ರಿ ಇಷ್ಟ ಬಿಡಾಕತ್ತೀರಿ? ಮೊದಲ ಒಂದ ತುತ್ತ ಬಿಡ್ತಿದ್ರಿ. ಈಗ ದಿನಾ ಹಿಂಗ. ನಿಮಗ ಊಟ ಸೇರವಲ್ದು, ಹೊಟ್ಯಾಗ ಏನೋ ಆಗ್ಯದಂತ ನಾ ಎಷ್ಟ ಚಿಂತಿ ಮಾಡೀನಿ ಗೊತ್ತದೇನು?”

ಬಸವಣಪ್ಪನವರು ಎಲೆಯನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಅದನ್ನು ತಿರುಗಿ ತಟ್ಟೆಯಲ್ಲಿಟ್ಟು ಹೇಳಿದರು.

“ನೀ ಹಸಗೊಂಡು ಇರೂದು ನನ್ನ ಕೈಲಿ ನೋಡಾಕ ಆಗಲಿಲ್ಲ ಮಾಣಿಕಾ. ರಾತ್ರಿ ನಿದ್ದಿಗಣ್ಣಾಗ ಹೊಟ್ಟಿ ಹಿಡ್ಕೊಂಡು ನರಳ್ತಿದ್ದಿ. ಉಣ್ಣು ಅಂದ್ರ ನೀ ಕೇಳಾಕಿ ಅಲ್ಲ, ಜಿದ್ದಿನ ಹೆಣಮಗಳು. ಗಂಗಾಳದಾಗ ಬಿಟ್ರ ಮಾತ್ರ ನೀ ಒಲ್ಲೆ ಅನ್ನಾಂಗಿಲ್ಲಂತ ಗೊತ್ತಿತ್ತು. ಅದಕ್ಕ ಇನ್ನೊಂದು ಕೇಳಿ ಕೇಳಿ ಹಾಕಿಸ್ಕೊಂಡು ಬಿಟ್ಟೆ.”

“ಅಯ್ಯ ನನ್ನ ಶಿವನೇ!” ಎಂದು ಮಾಣಿಕಮ್ಮ ಹಣೆ ಹಣೆ ಬಡಿದುಕೊಂಡಳು. ಬೈಯಲೆಂದು ಬಾಯಿ ತೆರೆದವಳಿಗೆ ಅಳು ಬಂದುಬಿಟ್ಟಿತು. ಇಷ್ಟು ವರ್ಷದಲ್ಲಿ ಈ ಮನುಷ್ಯ ತನ್ನ ಬಗ್ಗೆ ಇಷ್ಟು ಮಾತಾಡಿದ್ದನ್ನು ಆಕೆ ಕೇಳಿರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಸೊಸೆಯ ಹತ್ತಿರ ಹೋದಳು.

“ನಂದು ತಪ್ಪಾತು ಚಂದ್ರಾ. ನನ್ನ ಬಾಯಿ ಸುಡಲಿ. ನಿಮ್ಮಪ್ಪ ಬಂಗಾರದಂಥ ಮನಶ್ಯಾ, ಅವನ್ನ ಅನ್ನಬಾರದಿತ್ತು.”

“ನನಗ ಅಂದದ್ದು?” ಎಂದಳು ಚಂದ್ರಭಾಗಾ, ಕಣ್ಣೀರು ಸುರಿಯುತ್ತಿದ್ದರೂ.

“ನಿನಗ ಅಂದದ್ದೂ ತಪ್ಪು. ಹ್ಞೂಂ, ಸಾಕೇನು? ನನಗ ಅಷ್ಟ ಜಾಸ್ತಿ ಒಪ್ಪಿಕೊಂಡು ರೂಢಿ ಇಲ್ಲ.”

ತಪ್ಪು ಗೊತ್ತಾದರೂ ದಾರಿ ಸುಲಭವಿರಲಿಲ್ಲ. ಗಂಡ ಏನೂ ಬಿಡದೆ ಎದ್ದರೆ ಆ ಖಾಲಿ ಗಂಗಾಳದಲ್ಲಿ ಕೂಡುವುದು ಮಾಣಿಕಮ್ಮನಿಗೆ ಅಪಶಕುನ. ಬಿಟ್ಟದ್ದನ್ನು ಚೆಲ್ಲುವ ಮಾತಂತೂ ಆ ಮನೆಯಲ್ಲಿ ಆಡುವಂತಿಲ್ಲ. ಎರಡು ದಿನ ಇದರದೇ ವಾದ ನಡೆಯಿತು. ಕೊನೆಗೆ ಬಸವಣಪ್ಪನವರೇ ಒಂದು ಮಧ್ಯಾಹ್ನ ಅಡುಗೆಮನೆಗೆ ನಡೆದು ಬಂದು ಒಲೆಯ ಎದುರಿಗೆ ಮಣೆ ಎಳೆದುಕೊಂಡು ಕೂತರು.

“ಇಬ್ಬರಿಗೂ ನೀಡವ್ವ ಚಂದ್ರವ್ವ. ಎರಡು ಗಂಗಾಳ. ಅಕೀದು ಅಕಿಗಿ, ನಂದು ನನಗ.”

“ಏನ್ರಿ ಇದು, ಸೊಸಿ ಮುಂದ!” ಎಂದು ಮಾಣಿಕಮ್ಮ ನಾಚಿ ಗೋಡೆಯ ಕಡೆ ತಿರುಗಿದಳು. ಹಾಗೆ ತಿರುಗಿಕೊಂಡೇ ತನ್ನ ಒಂದು ರೊಟ್ಟಿಯನ್ನು ಪುಂಡಿಪಲ್ಯ ಹಚ್ಚಿ ತಿನ್ನತೊಡಗಿದಳು. ಮೂವತ್ತು ವರ್ಷಕ್ಕೆ ಮೊದಲ ಸಲ ಸ್ವಂತ ಗಂಗಾಳ. ಕೈಗೆ ಅದು ಹೊಸದೆನಿಸುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಗಂಡನ ಕಡೆಯಿಂದ ಸಪ್ಪಳವೇ ಇಲ್ಲವೆಂದು ತಿರುಗಿ ನೋಡಿದರೆ, ಅವರು ಉಣ್ಣುವುದನ್ನು ಬಿಟ್ಟು ಈಕೆಯನ್ನೇ ನೋಡುತ್ತಿದ್ದರು.

“ಏನು?”

“ಏನಿಲ್ಲ. ನೀ ಉಣ್ಣೂದು ನಾ ಇವತ್ತಿನ ತನಕ ಒಮ್ಮೆನೂ ನೋಡಿದ್ದಿಲ್ಲ.”

ಮರುದಿನ ಮಾಣಿಕಮ್ಮ ಗೋಡೆಯ ಕಡೆ ತಿರುಗಿ ಕೂಡಲಿಲ್ಲ.

ಮುಂದಿನ ಸೋಮವಾರ ಚೀಲದಿಂದ ಒಂದು ಬೊಗಸೆ ಜೋಳ ಹೊರಗೆ ಬಂತು. ಅದರ ಮುಂದಿನ ವಾರ ಮತ್ತೊಂದು. ದೊಡ್ಡ ಪವಾಡವೇನೂ ಆಗಲಿಲ್ಲ, ಮಾಣಿಕಮ್ಮ ದಪ್ಪ ಹೆಂಗಸಾಗಿಯೇ ಉಳಿದಳು. ಆದರೆ ಮೊಣಕಾಲು ಮಡಚತೊಡಗಿದವು. ಮಧ್ಯಾಹ್ನ ಗಂಡಸರು ಅಂಗಡಿಗೆ ಹೋದ ಮೇಲೆ ಚಂದ್ರಭಾಗಾ ಕದ ಮುಂದೆ ಮಾಡಿ ಅತ್ತೆಯನ್ನು ಕುಳ್ಳಿರಿಸಿ ಎಬ್ಬಿಸಿ ಮಾಡಿಸುತ್ತಿದ್ದಳು. “ಗ್ವಾಡಿ ಹಿಡೀಬ್ಯಾಡ್ರಿ ಅತ್ತಿ. ಬೀಗ್ತೇರ ಕಣ್ಣು ಭಾಳ ಚುರುಕು.” “ಮೊದಲ ನಿನ್ನ ನಾಲಗಿ ಚುರುಕ ಕಮ್ಮಿ ಮಾಡು,” ಎನ್ನುತ್ತ ಮಾಣಿಕಮ್ಮ ಏದುಸಿರು ಬಿಡುತ್ತ ಏಳುತ್ತಿದ್ದಳು.

ಶಿವಗಂಗಮ್ಮ ಹೇಳಿದಂತೆ ಬಂದಳು. ಕುಶಲ ಕೇಳಿದಳು, ಮಜ್ಜಿಗೆ ಕುಡಿದಳು, ಆದರೆ ಕಣ್ಣು ಮಾತ್ರ ಬೀಗತಿಯ ಕಾಲ ಮೇಲೆಯೇ. ಮಾಣಿಕಮ್ಮ ಆಕೆಯ ಎದುರಿಗೇ ಬರೀ ನೆಲದ ಮೇಲೆ ಕೂತು ಊಟ ಮಾಡಿದಳು. ಮುಗಿದ ಮೇಲೆ ಏಳಲು ಹೋದಳು, ಆಗಲಿಲ್ಲ. ಎಡ ಮೊಣಕಾಲು ಕಟಕ್ಕೆಂದಿತು. ಚಂದ್ರಭಾಗಾ ಒಂದು ಹೆಜ್ಜೆ ಮುಂದಿಟ್ಟಳು, ಅತ್ತೆ ಕಣ್ಣಿನಿಂದಲೇ ಬೇಡವೆಂದು ತಡೆದಳು. ಬಾಗಿಲಲ್ಲಿ ಬಸವಣಪ್ಪನವರು ಚೌಕಟ್ಟು ಹಿಡಿದು ನಿಂತಿದ್ದರು. ಮಾಣಿಕಮ್ಮ ಅಂಗೈಯನ್ನು ತೊಡೆಗೆ ಒತ್ತಿ, ಹಲ್ಲು ಕಚ್ಚಿ, ಎದ್ದು ನಿಂತಳು.

ಶಿವಗಂಗಮ್ಮ ಆಕೆಯ ಕಾಲಿನಿಂದ ಕಣ್ಣೆತ್ತಿ ಮುಖ ನೋಡಿದಳು.

“ಎರಡನೇ ಸಲಕ್ಕ ಎದ್ರಿ,” ಎಂದಳು.

“ಎದ್ನೋ ಇಲ್ಲೋ?”

“ಎದ್ರಿ.” ಆಕೆಯ ದನಿ ಮೆತ್ತಗಾಯಿತು. “ನಾ ಕೆಟ್ಟಾಕಿ ಅಂತ ತಿಳೀಬ್ಯಾಡ್ರಿ ಬೀಗ್ತಿ. ಹ್ವಾದ ಸಲ ಆ ಕೂಸು ನನ್ನ ಕೈಯಾಗೇ ಹೋತು. ನನಗೂ ಅಂಜಿಕಿ ಅದ. ಮುಂದಿನ ವಾರ ಕಳಸ್ತೀನಿ.”

ಕಸ್ತೂರಿ ಬಂದಳು. ಬೇಸಿಗೆ ಕಾಲಿಡುವ ಹೊತ್ತಿಗೆ, ಒಂದು ಬೆಳಗಿನ ಜಾವ, ಹೆಣ್ಣು ಹೆತ್ತಳು.

ಕೂಸಿಗೆ ಎರೆಯುವ ದಿನ ಬಚ್ಚಲಲ್ಲಿ ಹಂಡೆಯ ನೀರು ಕಾದಿತ್ತು. ಮಾಣಿಕಮ್ಮ ಸೀರೆಯನ್ನು ಮೊಣಕಾಲಿಗೆ ಏರಿಸಿ ಗಿಡ್ಡ ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿದಳು. ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡಳು. ಅಂಗೈಯಷ್ಟೇ ಬೆನ್ನು, ಅದಕ್ಕೆ ಎರಡು ಬೆರಳಿನಿಂದ ಎಣ್ಣೆ ಸವರಿದಳು. ಚಂದ್ರಭಾಗಾ ನೀರಿನ ಹದ ಮೊಣಕೈಯಿಂದ ನೋಡಿ ಮೊದಲ ಚರಿಗೆ ಸುರಿದಳು. ಕೂಸು ಒಮ್ಮೆಲೇ ಕಿರುಚಿಕೊಂಡಿತು. ಮನೆಯ ಜಂತಿ ಅದುರುವಂತೆ ಅಳತೊಡಗಿತು.

“ನಿಲ್ಲಸೇ ಚಂದ್ರಾ, ನಿಲ್ಲಸು! ನೀರು ಸುಡ್ತದೇನ ನೋಡು!” ಎಂದು ಮಾಣಿಕಮ್ಮ ಗಾಬರಿಯಾದಳು. ಇಬ್ಬರನ್ನು ಹೆತ್ತು ಸಾಕಿದವಳಿಗೆ ಒಂದು ಕೂಸು ಎರೆಯುವಾಗ ಅಳುತ್ತದೆಂಬುದೇ ಮರೆತುಹೋಗಿತ್ತು.

ಬಾಣಂತಿಯ ಕೋಣೆಯಿಂದ ಕಸ್ತೂರಿಯ ದನಿ ಬಂತು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅಲ್ಲಿಂದ ತಿಳಿಯುತ್ತಿರಲಿಲ್ಲ.

“ನಿಲ್ಲಸಬ್ಯಾಡ್ರಿ ವೈನಿ. ಇನ್ನೊಂದು ಚರಿಗಿ ಹಾಕ್ರಿ. ಅಳಲಿ. ಮೊದಲಿನ ಕೂಸು ಅಳಲೇ ಇಲ್ಲ, ಇದು ಅಳಲಿ!”

ಚಂದ್ರಭಾಗಾ ಅತ್ತೆಯ ಮುಖ ನೋಡಿದಳು. ಮಾಣಿಕಮ್ಮನಿಗೆ ಕಣ್ಣು ಕಾಣದಷ್ಟು ನೀರು ಬಂದಿತ್ತು. ಕೂಸನ್ನು ಕಾಲ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು, “ಹಾಕು,” ಎಂದಳು.